ಖಾಸಗಿಗೆ ಎತ್ತಿದ ಕೈ

ಅಮಸಿದ್ದಪ್ಪ ಜಮಖಂಡಿ ಬದಿಯ ಒಂದು ಹಳ್ಳಿಯ ಪಂಚಾಯ್ತಿ ಮೆಂಬರ್. ಮೀಟಿಂಗಿನಲ್ಲಿ ಅವನಷ್ಟಕ್ಕೆ ಅವನು ಸುಮ್ಮನೆ ಕೂತಿದ್ದ. 'ಖಾಸಗಿ' ಎಂಬ ಒಂದು ಶಬ್ದ ಕಿವಿಗೆ ಬಿದ್ದದ್ದೇ ಎಲ್ಲ ರಾಮಾಯಣಕ್ಕೂ ಮೂಲ.

"ಸರಕಾರಿ ಕೊಂಡವಾಡ ಖಾಸಗಿಗೆ ಕೊಡೂ ಠರಾವು. ಒಪ್ಪಿದವ್ರು ಕೈ ಎತ್ರಿ," ಎಂದ ಸೆಕ್ರೆಟರಿ. ಬೆಳೆಗೆ ನುಗ್ಗಿದ ದನ ಕೂಡಿಹಾಕುವ ಆ ದೊಡ್ಡಿಗಾಗಿ ಈ ಪುಣ್ಯಾತ್ಮನ ಕೈ ಸೂರು ಮುಟ್ಟಿತು. ಅವನಪ್ಪ ಸಂಸ್ಥಾನದ ಕಾಲದಲ್ಲಿ ಮಹಾರಾಜರ ಕುದುರೆ ಮೈ ತಿಕ್ಕಿದವನು. ಅರಮನೆಯ ಸ್ವಂತ ಆಸ್ತಿಗೆ ಆಗ 'ಖಾಸಗಿ' ಎನ್ನುತ್ತಿದ್ದರು. ಆ ಮನೆತನದಲ್ಲಿ ಇಂದಿಗೂ ಖಾಸಗಿ ಎಂದರೆ ಅರಮನೆಯೇ. ಐದು ಕೈ ಪರ, ನಾಲ್ಕು ವಿರೋಧ, ಠರಾವು ಪಾಸಾಯಿತು.

"ಮಹಾರಾಜರು ಬರಾಕತ್ತಾರ್ರೋ! ಕೊಂಡವಾಡ ಅರಮನಿಗೆ ಹೋತು!" ಎಂದು ಅಮಸಿದ್ದಪ್ಪ ಕಟ್ಟೆಯ ಮೇಲೆ ನಿಂತು ಕೂಗಿದ.

ಚಹಾದಂಗಡಿಯ ಪಾಂಡಪ್ಪ ಬಿಟ್ಟಾನೆಯೇ? "ಆನಿ ಮ್ಯಾಲೋ, ಕುದುರಿ ಮ್ಯಾಲೋ ಮೆಂಬರ್ರ?" ಎಂದು ಕೆಣಕಿದ. ಅಷ್ಟು ಸಾಕಾಯಿತು, ನಾಲ್ಕು ಜನ ತೋರಣಕ್ಕೆ ಮಾವಿನೆಲೆ ತರಲು ಓಡಿದರು.

ಮಾಸ್ತರ ಚನಮಲ್ಲಪ್ಪ ಸೈಕಲ್ಲಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ಲಿ ಮಹಾರಾಜರ್ರಿ ಕಾಕಾ! ಖಾಸಗಿ ಅಂದ್ರ ಈಗ ಗುತ್ತಿಗಿದಾರ. ಅವ ತನ್ನ ಮಂದೀನ್ನ ತರ್ತಾನ. ಕೊಂಡವಾಡದ ಕಾವಲಕ್ಕ ಇರೂ ನಮ್ಮ ಸತ್ಯವ್ವ ಕಾಕೂನ ಕೆಲಸ ಹೋತು, ತಿಳ್ಕೋರಿ!"

ಅಮಸಿದ್ದಪ್ಪ ಕಟ್ಟೆಯಿಂದ ಕೆಳಗೆ ಧುಮುಕಿದ. ಸತ್ಯವ್ವ ಅವನ ಹೆಂಡತಿ. ಮೆಂಬರಿಕೆಯಿಂದ ಊರವರ ನಮಸ್ಕಾರ ಸಿಗುತ್ತಿತ್ತೇ ಹೊರತು ಜೋಳ ಸಿಗುತ್ತಿರಲಿಲ್ಲ. ಮನೆಯ ಒಲೆ ಉರಿಯುತ್ತಿದ್ದುದು ಅವಳ ಕಾವಲಿನಿಂದ. ಅಯ್ಯೋ, ಹೆಂಡತಿಯ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ! ಧೋತರ ಎತ್ತಿ ಕಟ್ಟಿ ಪಂಚಾಯ್ತಿಗೆ ಓಡಿದ.

"ಎತ್ತಿದ ಕೈ ಇಳಸಾಕ ಬರೂದಿಲ್ರಿ," ಎಂದ ಸೆಕ್ರೆಟರಿ.

"ಅಧ್ಯಕ್ಷರ ಸಹಿ ಆಗೇತೇನು?"

"ಇನ್ನೂ ಇಲ್ಲ."

"ಹಂಗಾರ ನಾ ಕೈ ಎತ್ತಿಲ್ಲ! ತಲಿ ತುರಿಸ್ಕೊಂಡಿದ್ದೆ, ಹಂಗಽ ಬರೀರಿ!"

ಅಧ್ಯಕ್ಷೆ ಬೋರವ್ವನಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡ್ರಿ, ಕಾಕಾನ ಹೆಸರು ವಿರೋಧದಾಗ ಹಾಕ್ರಿ," ಎಂದಳು. ಪರ ನಾಲ್ಕಾಯಿತು, ವಿರೋಧ ಐದಾಯಿತು. ಠರಾವು ಬಿತ್ತು. ಬೋರವ್ವ ಅಲ್ಲೇ ಸಹಿ ಮಾಡಿ ಠಸ್ಸೆ ಒತ್ತಿದಳು.

ಅಮಸಿದ್ದಪ್ಪ ಬಿಸಿ ಭಜಿ ಕಟ್ಟಿಸಿಕೊಂಡು ಕುಣಿಯುತ್ತ ಮನೆಗೆ ಬಂದ. "ಏ ಸತ್ಯವ್ವಾ! ಕೊಂಡವಾಡ ಖಾಸಗಿಗೆ ಹೋಗಿಬಿಡ್ತಿತ್ತು. ನಾನು ಅಡ್ಡ ನಿಂತು ನಿನ್ನ ಕೆಲಸ ಉಳಿಸಿದೆ ನೋಡು!"

ರೊಟ್ಟಿ ಬಡಿಯುತ್ತಿದ್ದ ಸತ್ಯವ್ವನ ಕೈ ನಿಂತಿತು. "ಉಳಸ್ರಿ ಅಂತ ಯಾರು ಅಂದಿದ್ರು ನಿಮಗ? ಮಹಿಳಾ ಮಂಡಳದ ಹೆಸರಿಲೆ ಗುತ್ತಿಗಿಗೆ ಅರ್ಜಿ ಹಾಕಿದಾಕಿ ನಾನಽ! ಬ್ಯಾರೆ ಒಂದು ಅರ್ಜಿನೂ ಇರಲಿಲ್ಲ. ನಾಳಿಂದ ಆ ಕೊಂಡವಾಡಕ್ಕ ನಾನಽ ಮಾಲಕಿ ಆಗ್ತಿದ್ದೆ!"

"ಮತ್ತ... ಮೊದಲಽ ನನಗೊಂದು ಮಾತು ಹೇಳಬಾರದಾಗಿತ್ತೇನು?"

"ಹೇಳಿದ್ರ ವಿರೋಧ ಮಾಡ್ತೀರಿ ಅಂತಽ ಹೇಳಿರಲಿಲ್ಲ!"

ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಸತ್ಯವ್ವ ಅದನ್ನೇ ಎತ್ತಿ ಗಂಡನ ತಾಟಿಗೆ ಹಾಕಿದಳು.