ನಿಂಬೆಹಣ್ಣಿನ ಮೇಲೆ ದಂಡಯಾತ್ರೆ

ಬೆಟ್ಟದ ತಾಯೇ, ದುಷ್ಟರ ಕೊಬ್ಬನ್ನು ಇಳಿಸುವವಳೇ, ಮೈಸೂರಿನ ಸಮಸ್ತ ಗ್ಯಾರೇಜುಗಳ ಮೇಲೂ ಕೃಪಾದೃಷ್ಟಿ ಇಟ್ಟವಳೇ, ಕಥೆ ಹೇಳುವ ನಾಲಗೆಗೆ ಬಲ ಕೊಡು. ಅಶ್ವಗಳಿಗೆ ಹುಲ್ಲು ಹಾಕಿದರೆ ಸಾಕಾಗಿದ್ದ ಯುಗ ಕಳೆದು, ಅಶ್ವಶಕ್ತಿಗಾಗಿ ಸಪ್ತಸಾಗರದಾಚೆಯಿಂದ ರಬ್ಬರು ತರಿಸಬೇಕಾದ ಈ ಕಲಿಯುಗದಲ್ಲಿ, ಲಕ್ಷ್ಮೀಪುರದ ಲಿಂಗರಾಜೇ ಅರಸರೆಂಬ ರಥಿಕಾಗ್ರೇಸರರು ಆಯುಧಪೂಜೆಯ ದಿನ ನಾಲ್ಕು ನಿಂಬೆಹಣ್ಣುಗಳ ಮೇಲೆ ಸಾರಿದ ಯುದ್ಧವನ್ನು ಹೇಳಬೇಕಾಗಿದೆ.

ಆ ರಥವಾದರೂ ಎಂಥದು! ರಜತಮುಖಿ, ಗಜಗಾಮಿನಿ, ಕಮಲದಳವಿಶಾಲದೀಪನಯನೆ. ಬಿಳಿಯರ ನಾಡಿನಲ್ಲಿ ಹುಟ್ಟಿ, ಯಾವುದೋ ಸಂಸ್ಥಾನದ ಲಾಯದಲ್ಲಿ ಬೆಳೆದು, ಅರಸರ ತಂದೆಯವರ ಕಾಲದಲ್ಲಿ ಈ ಮನೆ ಸೇರಿದವಳು. ಅಂಥ ಕಾರು ಭರತಖಂಡದಲ್ಲಿ ಇನ್ನೊಂದಿಲ್ಲವೆಂದು ಅರಸರು ಹೇಳುವರು. ಇದ್ದಿದ್ದರೆ ಅದರ ಬಿಡಿಭಾಗಗಳನ್ನಾದರೂ ಕಿತ್ತು ತರಬಹುದಾಗಿತ್ತೆಂದು ಅವರ ಪತ್ನಿ ಪುಟ್ಟತಾಯಮ್ಮಣ್ಣಿ ಹೇಳುವರು.

ತಮಗಿಂತ ಮೊದಲೇ ಮನೆ ತುಂಬಿದ್ದ ಆ ಕಾರನ್ನು ಅಮ್ಮಣ್ಣಿ ಹಿರಿಯ ಸವತಿಯ ಸ್ಥಾನದಲ್ಲಿಟ್ಟು ‘ಅಕ್ಕೋರು’ ಎಂದೇ ಕರೆಯುತ್ತಿದ್ದರು. “ಅಕ್ಕೋರಿಗೆ ಎಣ್ಣೆನೀರು ಆಯ್ತಾ? ಆಗಿದ್ರೆ ಬಂದು ಕಾಫಿ ಕುಡೀರಿ” ಎಂದು ಬೆಳಗ್ಗೆ ಅಡುಗೆಮನೆಯಿಂದ ಕೂಗು ಬರುತ್ತಿತ್ತು. ಅಕ್ಕೋರ ಮೈ ಒರೆಸಲು ಹತ್ತಿಬಟ್ಟೆ ಒರಟಾದೀತೆಂದು ಅರಸರು ಒಮ್ಮೆ ಹೆಂಡತಿಯ ಧಾರೆಸೀರೆಯ ಸೆರಗನ್ನೇ ಕತ್ತರಿಸಿಕೊಂಡಿದ್ದರು. ಇಷ್ಟಾದರೂ ಅಮ್ಮಣ್ಣಿ ಆ ಕಾರಿನಲ್ಲಿ ಒಂದು ಸಲವೂ ಕುಳಿತವರಲ್ಲ. ಮದುವೆಯಾದ ವರ್ಷ ಬಳೆ ತಾಗಿ ಚರ್ಮದ ಸೀಟು ಗೀರೀತು ಎಂದು ಅರಸರಿಗೆ ಭಯ. ಮರುವರ್ಷ ಜಡೆಯ ಎಣ್ಣೆ ಅಂಟೀತು ಎಂಬ ಭಯ. ಆಮೇಲಿನ ವರ್ಷಗಳಲ್ಲಿ ಕಾರೇ ಏಳಲಿಲ್ಲ.

ಹಬ್ಬದ ಹಿಂದಿನ ದಿನ ಅಮ್ಮಣ್ಣಿಯ ತಮ್ಮ ಚೆಲುವರಾಜು ತನ್ನ ಪುಟ್ಟ ಹೊಸ ಕಾರಿನಲ್ಲಿ ಬಂದಿಳಿದ. ಊಟಕ್ಕೆ ಕುಳಿತಾಗ ಸುಮ್ಮನಿರಲಾರದೆ ಕೆಣಕಿದ: “ಅಕ್ಕಯ್ಯ, ನಾಳೆ ನನ್ ಕಾರಲ್ಲೇ ಬೆಟ್ಟಕ್ಕೆ ಹೋಗ್ಬರೋಣ. ಭಾವನ ಕಾರನ್ನ ನಂಬ್ಕೊಂಡ್ರೆ ಮುಂದಿನ ಜನ್ಮಕ್ಕೆ ದರ್ಶನ.”

ಅರಸರ ಮೀಸೆ ಹುರಿಗೊಂಡಿತು. ಎಡಗೈಯನ್ನು ಆಕಾಶಕ್ಕೆತ್ತಿ, ಬಲಗೈಯ ಅನ್ನವನ್ನು ಕೆಳಗಿಡದೆ, ಸಿಂಹಧ್ವನಿಯಲ್ಲಿ ನುಡಿದರು: “ಕೇಳಯ್ಯಾ ತಗಡಿನ ಡಬ್ಬಿಯ ಒಡೆಯನೇ! ನಾಳೆ ಸೂರ್ಯ ನೆತ್ತಿಗೇರುವುದರೊಳಗೆ ನನ್ನ ರಥ ಸ್ವಂತ ಬಲದಿಂದ ನಿಂಬೆಹಣ್ಣುಗಳನ್ನು ಮರ್ದಿಸಿ, ನಿನ್ನ ಅಕ್ಕನನ್ನು ಹೊತ್ತು ಬೆಟ್ಟವೇರುತ್ತದೆ. ಏರದಿದ್ದರೆ ದಿನಪೂರ್ತಿ ಇವಳು ಹೇಳಿದ್ದೇ ನನಗೆ ಆಜ್ಞೆ!”

ಬೆಳಗಾಗುವಷ್ಟರಲ್ಲಿ ಅಮ್ಮಣ್ಣಿಯ ಅರಿಸಿನಬಣ್ಣದ ರೇಷ್ಮೆಸೀರೆ ಪೆಟ್ಟಿಗೆಯಿಂದ ಹೊರಬಂದಿತ್ತು. ಜಡೆಗೆ ಎಣ್ಣೆ ಹಚ್ಚಿರಲಿಲ್ಲ.

ಅರಸರು ಮಿಂದು, ಮಡಿಯುಟ್ಟು, ಆಯುಧಗಳನ್ನು ದೇವರ ಮುಂದೆ ಜೋಡಿಸಿದರು. ಸ್ಪ್ಯಾನರು, ಜಾಕು, ಸ್ಕ್ರೂಡ್ರೈವರು, ಎಂಜಿನ್ನನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಹ್ಯಾಂಡಲು, ಎಲ್ಲಕ್ಕೂ ಕುಂಕುಮವಾಯಿತು. ಅಷ್ಟಕ್ಕೇ ಭಕ್ತಿ ತಣಿಯದೆ ಅಡುಗೆಮನೆಗೂ ನುಗ್ಗಿ ಈಳಿಗೆಮಣೆಯನ್ನು ಎತ್ತಿಕೊಂಡರು.

“ಅಯ್ಯೋ, ಅದೊಂದು ಬಿಡಿ. ಹುರುಳಿಕಾಯಿ ಹೆಚ್ಚಬೇಕು.”

“ಆಯುಧ ಎಂದರೆ ಆಯುಧ! ಪೂಜೆಗಿಟ್ಟ ಮೇಲೆ ನಾಳೆಯವರೆಗೆ ಯಾರೂ ಮುಟ್ಟಕೂಡದು.”

ಅಮ್ಮಣ್ಣಿ ಹುರುಳಿಕಾಯಿಯನ್ನು ಕೈಯಲ್ಲೇ ಮುರಿಯುತ್ತ ಕುಳಿತರು.

ಮಂಗಳಾರತಿಯಾಯಿತು. ಬೂದುಗುಂಬಳ ಒಡೆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣುಗಳು ನಿರ್ಭಯವಾಗಿ ಕುಳಿತವು. ಅರಸರು ರಥವೇರಿ, ಕುಲದೇವತೆಯನ್ನು ನೆನೆದು, ಕೀಲಿ ತಿರುಗಿಸಿದರು.

ಟಕ್.

“ಭಾವ, ಏನದು? ಅಕ್ಕೋರು ಲಟಿಗೆ ಮುರ್ಕೊಂಡ್ರಾ?” ಎಂದ ಚೆಲುವರಾಜು.

ಮತ್ತೆ ತಿರುಗಿಸಿದರು. ಲಟಿಗೆಯೂ ಕೇಳಿಸಲಿಲ್ಲ. ಹಬ್ಬಕ್ಕೆಂದು ಮೈಯೆಲ್ಲ ಉಜ್ಜಿಸಿಕೊಂಡ ರಥದ ಹೊಟ್ಟೆಯಲ್ಲಿ ಬ್ಯಾಟರಿ ಎಂದೋ ಪ್ರಾಣ ಬಿಟ್ಟಿತ್ತು; ಹೊಳೆಯದ ವಸ್ತುವಾದ್ದರಿಂದ ಅದರ ಕಡೆ ಅರಸರ ದೃಷ್ಟಿ ಹೋಗಿರಲಿಲ್ಲ. ಆದರೂ ವೀರರು ಕುಗ್ಗಲಿಲ್ಲ. “ಹ್ಯಾಂಡಲ್ ತಾ!” ಎಂದು ಗರ್ಜಿಸಿದರು.

ಅಮ್ಮಣ್ಣಿ ಕದಲಲಿಲ್ಲ. “ದೇವರ ಮುಂದಿದೆ.”

“ಗೊತ್ತು, ತಾ!”

“ನಾನು ಹುರುಳಿಕಾಯಿನ ಕೈಯಲ್ಲೇ ಮುರಿದೆ. ನೀವೂ ಕೈಯಲ್ಲೇ ಶುರು ಮಾಡಿ.”

“ಲೇ, ನಿನ್ನನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಬೇಕಲ್ಲೇ!”

ಅಮ್ಮಣ್ಣಿ ಸೀರೆಯ ನೆರಿಗೆಯನ್ನೊಮ್ಮೆ ನೋಡಿಕೊಂಡರು. ದನಿ ಸಣ್ಣಗಾಯಿತು. “ಆ ತಾಯೀನ ನೋಡೋಕೆ ಅವಳ ಮುಂದಿಟ್ಟಿದ್ದನ್ನೇ ಕದ್ಕೊಂಡು ಹೋಗ್ಲಾ? ಬೇಡ ಬಿಡಿ.”

ಹಿಂದೆ ಬನ್ನಿಮರದಲ್ಲಿ ಆಯುಧ ಬಚ್ಚಿಟ್ಟ ವೀರರಿಗಾದರೂ ಮರ ಹತ್ತುವ ಅವಕಾಶವಿತ್ತು. ಅರಸರಿಗೆ ತಮ್ಮ ಮಾತೇ ಮುಳ್ಳುಬೇಲಿಯಾಯಿತು. ಚೆಲುವರಾಜು ಹಗ್ಗ ಕಟ್ಟಿ ಎಳೆಯುತ್ತೇನೆಂದ. ಸೋಪಿನ ಡಬ್ಬಿಯ ಹಿಂದೆ ಐರಾವತ ನಡೆಯುವುದಿಲ್ಲವೆಂದು ಅರಸರು ಗುಡುಗಿದರು. ಉಳಿದದ್ದು ತಳ್ಳುವ ಉಪಾಯವೊಂದೇ. ಆ ಗಜಗಾತ್ರವನ್ನು ತಳ್ಳಲು ಗಂಡಸರಿಬ್ಬರೂ ಬೇಕು. ಹಾಗಾದರೆ ಸ್ಟೇರಿಂಗು ಹಿಡಿಯುವವರಾರು?

ಅಮ್ಮಣ್ಣಿ ಬಳೆಗಳನ್ನು ಮೇಲಕ್ಕೇರಿಸಿಕೊಂಡು, ಬಾಗಿಲು ತೆರೆದು, ಸಾರಥಿಯ ಸೀಟಿನಲ್ಲಿ ಕುಳಿತುಬಿಟ್ಟರು.

ಆಗ ನಡೆದ ಘೋರವನ್ನು ಏನೆಂದು ವರ್ಣಿಸುವುದು! ಅರಸರ ಪಂಚೆ ಹರಿಯಿತು, ಚೆಲುವರಾಜುವಿನ ಚಪ್ಪಲಿ ಕಿತ್ತಿತು, ನೆರೆಮನೆಯ ನಾಯಿ ರಣಭೇರಿ ಬಾರಿಸಿತು. ರಥ ಮಿಸುಕಿತು, ನಿಂಬೆಹಣ್ಣುಗಳ ಮೇಲೆ ಹೊರಳಿತು, ಇಳಿಜಾರು ಸಿಕ್ಕೊಡನೆ ತಳ್ಳಿದವರನ್ನೇ ಹಿಂದೆ ಬಿಟ್ಟು ಹೊರಟಿತು. “ಬ್ರೇಕು! ಬ್ರೇಕು ಒತ್ತೇ!” ಎಂದು ಅರಸರು ಬೊಬ್ಬಿಟ್ಟರು. ಅಮ್ಮಣ್ಣಿ ಸಿಕ್ಕಿದ್ದನ್ನೆಲ್ಲ ಒತ್ತಿದರು. ಗೇಟಿನ ಕಂಬಗಳ ನಡುವೆ, ಬಾಟಲಿಗೆ ಬಿರಡೆ ಹಾಕಿದಂತೆ, ರಥ ಮೂತಿ ತೂರಿಸಿ ನಿಂತಿತು.

ಮುಂದಕ್ಕೆ ರಸ್ತೆಯ ಚರಂಡಿ, ಹಿಂದಕ್ಕೆ ಏರು. ಚೆಲುವರಾಜುವಿನ ಕಾರು ಕಾಂಪೌಂಡಿನೊಳಗೇ ಸೆರೆಯಾಯಿತು. ಬೆಟ್ಟದ ಯಾತ್ರೆ ಇಬ್ಬರ ಕಾರಿನಲ್ಲೂ ಮುಗಿದಂತಾಯಿತು.

ಅರಸರು ಏದುಸಿರು ಬಿಡುತ್ತ ಬಂದು ಕಿಟಕಿಯಲ್ಲಿ ಇಣುಕಿದರು. ಅಳುತ್ತಿರಬಹುದೆಂದುಕೊಂಡಿದ್ದರು. ಮುಂದಿನ ಗಾಜಿನಾಚೆ, ಬೀದಿಯ ಮರಗಳ ಮೇಲೆ, ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಅಮ್ಮಣ್ಣಿ ಸ್ಟೇರಿಂಗಿನ ಮೇಲೆ ಕೈಮುಗಿದು ಕುಳಿತಿದ್ದರು.

“ಇಳಿ, ಸಾಕು” ಎಂದರು ಅರಸರು ಮೆಲ್ಲಗೆ.

“ಇವತ್ತು ಯಾರು ಹೇಳಿದ್ದು ಆಜ್ಞೆ?”

ಅರಸರು ತಲೆ ತಗ್ಗಿಸಿದರು.

“ಹಾಗಾದ್ರೆ ಊಟ ಇಲ್ಲಿಗೇ ತನ್ನಿ. ಸಾರು ಮರೀಬೇಡಿ.”

ಅರಸರು ತಂದರು. ಬಾಗಿಲ ಬಳಿ ಸಾರಿನ ಪಾತ್ರೆ ಹಿಡಿದು ನಿಂತರು. ಅಮ್ಮಣ್ಣಿ ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು, ಮುರಿದ ಹುರುಳಿಕಾಯಿಯ ಪಲ್ಯ ಕಲಸಿ, ನಿಧಾನವಾಗಿ ಉಂಡರು. ನಡುವೆ ಸಾರಿನ ಒಂದು ತೊಟ್ಟು ಆ ಅಪೂರ್ವ ಚರ್ಮದ ಸೀಟಿನ ಮೇಲೆ ಬಿತ್ತು. ಅರಸರ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಧಾರೆಸೀರೆಯ ತುಂಡಿನವರೆಗೆ ಹೋಯಿತು.

ಹೋಗಿ, ಅಲ್ಲೇ ನಿಂತಿತು. “ಇನ್ನೊಂದು ಸೌಟು ಬಿಡ್ಲಾ?” ಎಂದು ಕೇಳಿದರು.