ಮಾವ ಕೆಮ್ಮಲಿಲ್ಲ

ನನ್ನ ಸೋದರಮಾವ ಮಾತು ಬಿಟ್ಟರೆ ಮನೆಯವರೆಲ್ಲ ನೆಮ್ಮದಿಯಾಗಿ ಊಟ ಮಾಡುತ್ತಾರೆ. ಇದು ಆರೋಪವಲ್ಲ, ಆತಗೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ! ಸಿಟ್ಟು ಬಂದರೆ ಅವರದು ಮೌನವ್ರತ. ಬಸ್ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ಮೂರು ದಿನ. ಅತ್ತೆ ಅವರ ಪಂಚೆಯಲ್ಲಿ ಮೊಪೆಡ್ಡು ಒರೆಸಿದ್ದಕ್ಕೆ ಒಂದು ವಾರ.

ವ್ರತವೆಂದರೆ ಸದ್ದೇ ಇಲ್ಲವೆಂದಲ್ಲ. ಒಂದು ಕೆಮ್ಮಿಗೆ ಕಾಫಿ. ಎರಡಕ್ಕೆ ಟಿವಿ ಚಾನೆಲ್ ಬದಲಾಗಬೇಕು. ಮೂರು ಕೆಮ್ಮಿದರೆ, ನೆಂಟರು ಇನ್ನೂ ಯಾಕೆ ಹೊರಟಿಲ್ಲ? ಮೂರನೆಯದು ಹೆಚ್ಚಾಗಿ ನನಗೇ.

ಕಳೆದ ವರ್ಷ ಒಂದು ಬೆಳಿಗ್ಗೆ ಅತ್ತೆಯೊಂದಿಗೆ ಜಗಳವಾಡಿ ಮೊಪೆಡ್ಡಿನಲ್ಲಿ ಭಾರತೀನಗರಕ್ಕೆ ಹೋದವರು, ಮಧ್ಯಾಹ್ನ ಮಾತಿಲ್ಲದೆ ಬಂದು, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಜಗಲಿಯಲ್ಲಿ ನೆಟ್ಟಗೆ ಕೂತರು.

"ಸುರುವಾಯ್ತು ಕಣಪ್ಪ. ಈ ಸಲ ಎಷ್ಟ್ ದಿನವೋ!" ಎಂದರು ಅತ್ತೆ. ನಾನು ನಕ್ಕೆ. ನಗಬಾರದಿತ್ತು.

ಅರ್ಧ ಗಂಟೆ ಕಳೆಯಿತು. ಒಲೆಯ ಮುಂದಿದ್ದ ಅತ್ತೆ ತಟ್ಟನೆ ತಿರುಗಿದರು. "ಲೋ, ನಿಮ್ಮಾವ ಕಾಫಿಗೆ ಕೆಮ್ಮೇ ಇಲ್ವಲ್ಲೋ!"

ಓಡಿ ಹೋಗಿ ಟವೆಲು ಎಳೆದರು. ಕುತ್ತಿಗೆಗೆ ಅಡ್ಡಲಾಗಿ ಕೆಂಪು ಗೆರೆ. ರಕ್ತವಿಲ್ಲ. ಊದಿದ ಜಾಗವನ್ನು ಒತ್ತಿದರೆ ಒಳಗೆ ಕಡ್ಲೆಪುರಿ ಅದುಮಿದಂತೆ ಚರಚರ ಸದ್ದು. ಮಾವ ಕೈಸನ್ನೆಯಲ್ಲೇ ಹೇಳಿದರು: ಕಬ್ಬಿನ ಲೋಡು ಬಿಗಿಯುವವರು ರಸ್ತೆಗೆ ಅಡ್ಡವಾಗಿ ಹಗ್ಗ ಎಳೆದು ಹಿಡಿದಿದ್ದರು. ನಿಲ್ಲಿಸಿ ಎಂದು ಕೂಗಿದ್ದರಂತೆ. ಸಿಟ್ಟಿನಲ್ಲಿದ್ದ ಮಾವ ಯಾರ ಮಾತು ಕೇಳಿಯಾರು? ಮೊಪೆಡ್ಡು ನೇರ ಹಗ್ಗಕ್ಕೇ ನುಗ್ಗಿತ್ತು.

ಮಂಡ್ಯದ ಆಸ್ಪತ್ರೆಗೆ ಹೊರಟ ನಮ್ಮ ಕಾರು ಮದ್ದೂರು ದಾಟುವಾಗ ಅವರ ಉಸಿರು ಸಿಳ್ಳೆ ಹಾಕತೊಡಗಿತು. ಹಿಂದಿನ ಸೀಟಿನಲ್ಲಿ ಅತ್ತೆಯದು ಒಂದೇ ಮಾತು: "ಉಸ್ರು ಎಳ್ಕಳಿ... ಎಳ್ಕಳಿ..."

ಮಂಡ್ಯದಲ್ಲಿ ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. "ಧ್ವನಿಪೆಟ್ಟಿಗೆ ಸೀಳಿದೆ. ಗಾಳಿ ಚರ್ಮದಡಿಗೆ ಸೋರ್ತಿದೆ. ಹೊರಗೆ ಗಾಯ ಇಲ್ದಿದ್ರೆ ಇದು ಸುಲಭಕ್ಕೆ ಗೊತ್ತಾಗಲ್ಲ. ನೀವು ಹೇಗೆ ಕಂಡುಹಿಡಿದ್ರಿ?"

"ಕೆಮ್ಮಲಿಲ್ಲ" ಎಂದರು ಅತ್ತೆ.

ಡಾಕ್ಟರು ಅದನ್ನೇ ಬರೆದುಕೊಂಡರು!

ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಕೊಳವೆ ಇಟ್ಟು, ಒಡೆದದ್ದನ್ನು ಹೊಲಿದರು. ಜೀವ ಉಳಿಯಿತು. ದನಿಯ ಬಗ್ಗೆ ಮಾತ್ರ ಡಾಕ್ಟರು ಭರವಸೆ ಕೊಡಲಿಲ್ಲ.

ಕೆಲವು ವಾರಗಳ ನಂತರ ಕೊಳವೆ ತೆಗೆದು, "ಏನಾದ್ರೂ ಮಾತಾಡಿ" ಎಂದರು. ಮಾವ ಅತ್ತೆಯನ್ನು ನೋಡಿದರು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಎರಡನೆಯ ಸಲ ಉಪ್ಪುಕಾಗದ ಉಜ್ಜಿದಂತೆ ಬಂತು:

"ಉಂಡ್ಯಾ?"

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಬಂದರು. "ಯಾರ್ ದನಿನೋ ಏನೋ, ಗುರ್ತೇ ಸಿಕ್ಕಲ್ಲ ಕಣೋ" ಎಂದರು. ಕಣ್ಣೊರೆಸಿಕೊಂಡು, ಬಾಗಿಲಿನತ್ತ ತಿರುಗಿ, "ಇರ್ಲಿ ಬುಡು. ನಂಗೆ ಇದೇ ಸಾಕು."