ಸೋದರಮಾವ, ಹಳೇ ಅಕ್ಕಿ ಮತ್ತು ದೇವದುರ್ಗದ ಗುಡ್ಡ

ನಮ್ಮ ಸೋದರಮಾವ ಈ ಲೋಕದಲ್ಲಿ ಯಾರ ವಯಸ್ಸನ್ನೂ ನಂಬುವವರಲ್ಲ. ತಮ್ಮದನ್ನೂ! ಅವರ ಓರಗೆಯ ಎಲ್ಲರಂತೆ ಅವರೂ ಶಾಲೆಯ ಲೆಕ್ಕದಲ್ಲಿ ಜೂನ್ ಒಂದರಂದು ಹುಟ್ಟಿದವರು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎಂದರಂತೆ ಮೇಷ್ಟ್ರು. ಮಾವ ಮುಟ್ಟಿದರು. ಆರು ವರ್ಷ ಆಯಿತು ಎಂದು ಬರೆದುಕೊಂಡರು.

"ನನ್ನ ಕೈ ಉದ್ದ ಇದ್ದವು ನೋಡು, ಅದಕ್ಕ ಒಂದು ವರ್ಷ ಮೊದಲ ಹುಟ್ಟಿಬಿಟ್ಟೆ" ಎನ್ನುತ್ತಾರೆ ಮಾವ.

ಹೀಗೆ ಹುಟ್ಟಿದವರು ಬೇರೆಯವರ ವಯಸ್ಸನ್ನು ಸುಮ್ಮನೆ ಒಪ್ಪುತ್ತಾರೆಯೇ? ನಮ್ಮ ತಂಗಿಗೆ ಗಂಡು ನೋಡಲು ಕಲ್ಲೂರಿಗೆ ಹೋದಾಗ ಹುಡುಗನಿಗೆ ಇಪ್ಪತ್ತೆಂಟು ಎಂದರು. ಮಾವ ಚಹಾದ ಕಪ್ಪು ಕೆಳಗಿಟ್ಟು, "ಒಂದೀಟು ನಕ್ಕು ತೋರಸಪಾ" ಎಂದರು. ಹಲ್ಲು ನೋಡಿ ವಯಸ್ಸು ಹೇಳುವುದು ಎತ್ತಿನ ವ್ಯಾಪಾರದ ರೀತಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮದುವೆಯೇನೋ ಆಯಿತು. ಆದರೆ ತಂಗಿಯ ಗಂಡ ಇವತ್ತಿಗೂ ಮಾವ ಬಂದರೆ ಬಾಯಿ ಮುಚ್ಚಿಕೊಂಡೇ ನಗುತ್ತಾರೆ.

ಇಂಥ ಮನುಷ್ಯನಿಗೆ ದೇವರು ಕೊಟ್ಟ ಉದ್ಯೋಗ ಯಾವುದು? ಮಾನ್ವಿಯಲ್ಲಿ ಅಕ್ಕಿ ಮಿಲ್ಲು! ಅಕ್ಕಿ ವ್ಯಾಪಾರದಲ್ಲಿ ವಯಸ್ಸೇ ಎಲ್ಲ. ಹೊಸ ಅಕ್ಕಿ ಅನ್ನವಾದರೆ ಮುದ್ದೆಯಾಗುತ್ತದೆ, ಹಳೇ ಅಕ್ಕಿ ಉದುರು ಉದುರಾಗಿ ಅರಳುತ್ತದೆ. ಅದಕ್ಕೇ ಹಳೇದಕ್ಕೆ ಬೆಲೆ ಹೆಚ್ಚು. ಅದಕ್ಕೇ ಕೆಲವು ಜಾಣರು ಹೊಸ ಸೋನಾ ಮಸೂರಿಗೆ ಹಬೆ ಕೊಟ್ಟು ಹಳೇದೆಂದು ಸಾಗಹಾಕುತ್ತಾರೆ. ಮಾವ ಒಂದು ಕಾಳನ್ನು ಮುಂಬಲ್ಲಲ್ಲಿ ಕಟಕ್ಕೆಂದು ಕಡಿದು, "ಇದು ಎರಡು ವರ್ಷದ್ದು", "ಇದಕ್ಕ ಹಬಿ ಕೊಟ್ಟಾರ" ಎಂದು ಹೇಳಿಬಿಡುತ್ತಿದ್ದರು. ಆದರೆ ಒಳಗಿನ ಗುಟ್ಟು ಮನೆಯವರಿಗೆ ಗೊತ್ತು. ಮಾವ ಕಡಿದು ಹೇಳುವುದು ಬರೀ ಊಹೆ. ಅದೇ ಅಕ್ಕಿ ಒಂದು ಹಿಡಿ ಮನೆಗೆ ಬಂದು, ಅತ್ತೆ ಅನ್ನ ಮಾಡಿ, ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದ ಮೇಲೆಯೇ ತೀರ್ಪು.

ನನ್ನ ಹೆಂಡತಿ ರಾಯಚೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ನಮ್ಮ ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಊಟಕ್ಕೆ ಹೋಗಿದ್ದೆವು. ಅತ್ತೆಯ ತವರು ದೇವದುರ್ಗ. ಬಡಿಸುತ್ತ ಬಡಿಸುತ್ತ ಅವರು ತಮ್ಮ ತವರುಮನೆಯ ಹಿಂದಿನ ಗುಡ್ಡದ ಮಾತು ತೆಗೆದರು. ಅಲ್ಲಿನ ಬಂಡೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದುದು, ಮಾವ ಮದುವೆಗೆ ಮುಂಚೆ ಅದೇ ಬಂಡೆಯ ಹಿಂದೆ ನಿಂತು ಕದ್ದು ನೋಡಿದ್ದು, ಎಲ್ಲ ಬಂತು.

"ಆ ಬಂಡಿಗೆ ಇನ್ನೂರೈವತ್ತು ಕೋಟಿ ವರ್ಷ ಆಗ್ಯಾವ್ರಿ ಅತ್ತಿ" ಎಂದಳು ನನ್ನ ಹೆಂಡತಿ.

ಮಾವನ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ಯಾರು ಎಣಿಸ್ಯಾರವ್ವಾ?"

ಅಂದು ಶುರುವಾದ ತಕರಾರು ಮುಂದೆ ವರ್ಷಗಟ್ಟಲೆ ನಡೆಯಿತು. ಕಲ್ಲಿನೊಳಗೆ ಜಿರ್ಕಾನ್ ಎಂಬ ಸಣ್ಣ ಸಣ್ಣ ಹರಳಿನ ಕಾಳುಗಳಿರುತ್ತವೆ, ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ, ಎಷ್ಟು ಸೀಸವಾಗಿದೆ, ಎಷ್ಟು ಯುರೇನಿಯಂ ಉಳಿದಿದೆ ನೋಡಿದರೆ ವಯಸ್ಸು ಸಿಗುತ್ತದೆ ಎಂದು ಇವಳು ವಿವರಿಸಿದಳು.

"ಚೀಲದಾಗ ಮೊದಲ ನುಚ್ಚು ಇದ್ದಿದ್ದಿಲ್ಲಂತ ಯಾರು ನೋಡ್ಯಾರ? ಹುಟ್ಟಿದಾಗ ಸೀಸ ಇತ್ತಂದ್ರ ನಿನ್ನ ಲೆಕ್ಕ ಪೂರಾ ಖಲಾಸ್" ಎಂದರು ಮಾವ.

"ಜಿರ್ಕಾನ್ ಹುಟ್ಟೋ ಮುಂದ ಸೀಸನ್ನ ಒಳಗ ಬಿಟ್ಕೊಳ್ಳಂಗಿಲ್ರಿ ಮಾವಾರ. ಅದರ ಜಾಯಮಾನನ ಹಾಂಗ ಅದ."

"ಆತು. ಆದ್ರ ಒಂದ ಸ್ಪೀಡಿನಾಗ ನಡದದ್ದು ಏನು ಗ್ಯಾರಂಟಿ? ನಮ್ಮ ಮಿಲ್ಲು ಕರೆಂಟ್ ಇದ್ರ ಒಂದು ನಮೂನಿ, ಹೋದ್ರ ಒಂದು ನಮೂನಿ."

"ಅದಕ್ಕ ಕರೆಂಟ್ ಬ್ಯಾಡ್ರಿ. ಕಾಸಿದ್ರೂ ಒತ್ತಿದ್ರೂ ಅದರ ಸ್ಪೀಡು ಬದಲಾಗಂಗಿಲ್ಲ. ಅದರಾಗ ಯುರೇನಿಯಂ ಎರಡು ಥರದ್ದು ಇರ್ತದ, ಎರಡರ ಸ್ಪೀಡೂ ಬ್ಯಾರೆ. ಎರಡೂ ಲೆಕ್ಕ ಒಂದ ವಯಸ್ಸು ಹೇಳಿದ್ರ ನಂಬಬೇಕಲ್ರಿ?"

"ಇಬ್ರು ದಲಾಲರು ಒಂದ ರೇಟು ಹೇಳಿದ್ರ ನಾ ಮೊದಲಿಗಿಂತ ಜಾಸ್ತಿ ಅನುಮಾನ ಪಡತೀನಿ ಯವ್ವಾ."

ಇಂಥವರಿಗೆ ಯಾವ ವಿಜ್ಞಾನಿ ಉತ್ತರ ಕೊಟ್ಟಾನು? ನನಗೆ ಮಾತ್ರ ಈ ಜಗಳದಿಂದ ಲಾಭವೇ ಆಗುತ್ತಿತ್ತು. ಇಬ್ಬರೂ ವಾದದಲ್ಲಿ ಮುಳುಗಿದಾಗ ಅತ್ತೆ ನನ್ನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತಲೇ ಇರುತ್ತಿದ್ದರು.

ಒಮ್ಮೆಯಂತೂ ಮಾವ ಅಕ್ಕಿಯ ಸ್ಯಾಂಪಲ್ ಚೀಲದಲ್ಲಿ ಒಂದು ಕಲ್ಲು ಹಾಕಿಕೊಂಡು ಬಸ್ ಹತ್ತಿ ರಾಯಚೂರಿಗೇ ಬಂದರು. "ಗುಡ್ಡದ ಕಲ್ಲು. ಹೇಳವ್ವಾ ಇದರ ವಯಸ್ಸು." ಇವಳು ತಿರುಗಿಸಿ ಮುರುಗಿಸಿ ನೋಡಿ, "ಇದು ನಿಮ್ಮ ಮಿಲ್ಲಿನ ಹಿಂದಿನ ಗೋಡಿದು, ಕಾಂಕ್ರೀಟ್ ಅದರೀ ಮಾವಾರ" ಎಂದಳು. ಮಾವನಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. "ಪರೀಕ್ಷಾ ಮಾಡಿದೆ, ಪಾಸಾದಿ" ಎಂದು ಬೆನ್ನು ತಟ್ಟಿ, ಉಂಡು, ಮರುಬಸ್ಸಿಗೆ ಹೊರಟರು.

ಮಾವನ ಕೊನೆಯ ಅಸ್ತ್ರ ಹಬೆಯದು. "ಹೊಸ ಅಕ್ಕಿಗೆ ಹಬಿ ಕೊಟ್ಟು ವಯಸ್ಸು ಬದಲಿ ಮಾಡ್ತಾರ. ನಿಮ್ಮ ಕಲ್ಲಿಗೂ ಭೂಮಿ ಒಳಗ ಯಾರರೆ ಹಬಿ ಕೊಟ್ಟಿದ್ರ?"

ಇವಳು ಪ್ರಾಮಾಣಿಕಳು. "ಅದು ಖರೇ ಅದರಿ. ಕಲ್ಲು ಮತ್ತ ಕಾದು ಕರಗಿದ್ರ ವಯಸ್ಸು ಹೇಳೋ ಕೆಲವು ಗಡಿಯಾರ ಸೊನ್ನಿಯಿಂದ ಶುರು ಆಗ್ತಾವ" ಎಂದಳು. ಅಷ್ಟೇ ಸಾಕಾಯಿತು! ಪೂರ್ತಿ ಕೇಳುವ ಮೊದಲೇ ಮಾವ ಎದ್ದರು. ಲೆಕ್ಚರರ್ ಒಬ್ಬಳು ಅಕ್ಕಿ ಮಿಲ್ಲಿನವನಿಗೆ ಸೋತಳು ಎಂಬ ಸುದ್ದಿ ಸಂಜೆಯೊಳಗೆ ಮಾನ್ವಿಯ ದಲಾಲರ ಅಡತಿ ಅಂಗಡಿಗಳನ್ನೆಲ್ಲ ಸುತ್ತಿ ಬಂದಿತ್ತು.

ಹೋದ ಬೇಸಿಗೆಯಲ್ಲಿ ಅತ್ತೆಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು. ಕೈಕಾಲು ಆಡುತ್ತವೆ, ಮಾತೂ ಸ್ಪಷ್ಟ. ಆದರೆ ಯಾರ ಮುಖವೂ ಗುರುತಿಲ್ಲ. ಮಾವನನ್ನು ಯಾರೋ ಬಂದ ನೆಂಟರೆಂದುಕೊಂಡು ತಲೆಯ ಮೇಲೆ ಸೆರಗು ಹೊದ್ದು ಮಾತಾಡಿಸುತ್ತಾರೆ. ಹೋದ ನೆನಪು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅತ್ತೆಯ ಒಳಗೆ ತಾನು ಇನ್ನೂ ಇದ್ದೇನೋ ಇಲ್ಲವೋ, ಮಾವನಿಗೆ ಉಳಿದದ್ದು ಅದೊಂದೇ ಚಿಂತೆ. ಅದನ್ನು ಯಾರೆದುರೂ ಬಾಯಿಬಿಟ್ಟು ಆಡಿದವರಲ್ಲ. ವಾದ ನಿಂತುಹೋಯಿತು. ವಾದ ಮಾಡದ ಮಾವನನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಮೊನ್ನೆ ಒಂದು ಭಾನುವಾರ ಹೋಗಿದ್ದೆವು. ಪಡಸಾಲೆಯಲ್ಲಿ ಕೂತಿದ್ದ ಮಾವ ನನ್ನನ್ನು ಬಿಟ್ಟು ಸೀದಾ ಇವಳನ್ನೇ ಕೇಳಿದರು.

"ಯವ್ವಾ, ಆವತ್ತು ನೀ ಅಂದಿದ್ದ್ಯಲ್ಲ, ಕಲ್ಲು ಕಾದು ಕರಗಿದ್ರ ಸೊನ್ನಿಯಿಂದ ಶುರು ಆಗ್ತದಂತ. ಹಂಗಾದ್ರ ಹಿಂದಿಂದು ಪೂರಾ ಹೋಗಿಬಿಡ್ತದೇನು?"

ಇವಳು ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದಳು. "ಪೂರಾ ಹೋಗಂಗಿಲ್ರಿ ಮಾವಾರ. ಆವತ್ತು ನೀವು ನನ್ನ ಮಾತು ಮುಗಿಸಾಕ ಬಿಡಲಿಲ್ಲ. ಜಿರ್ಕಾನ್ ಕಾಳಿನ ಸುತ್ತ ಹೊಸ ಪದರು ಕೂಡ್ತದ. ಆದ್ರ ನಡುವಿನ ತಿರುಳಿನಾಗ ಹಳೇ ವಯಸ್ಸು ಹಾಂಗ ಉಳಿದಿರ್ತದ."

"ಎಲ್ಲಾ ಕಾಳಿನಾಗ?"

"ಎಲ್ಲಾದ್ರಾಗ ಇಲ್ರಿ. ಕೆಲವು ಕಾಳಿನಾಗ. ಹುಡುಕಬೇಕು."

ನಾನು ಪ್ರತಿವಾದಕ್ಕೆ ಕಾದೆ. ಮಾವ ತಲೆಯಾಡಿಸಿ ಕೈ ತೊಳೆಯಲು ಎದ್ದರು.

ಊಟಕ್ಕೆ ಕೂತೆವು. ಅತ್ತೆಯನ್ನೂ ಕರೆದು ಮಾವನ ಎದುರಿಗೇ ಕೂಡಿಸಿದೆವು. ಅಡುಗೆಗೆ ಹೊಸದಾಗಿ ಬಂದವಳಿಗೆ ಮನೆಯ ರೀತಿ ಗೊತ್ತಿಲ್ಲ, ಕೈಗೆ ಸಿಕ್ಕ ಚೀಲದಿಂದ ಅಕ್ಕಿ ತೆಗೆದು ಅನ್ನ ಮಾಡಿದ್ದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಅಗಿದರು. ತಟ್ಟೆಯನ್ನು ಆಚೆ ಸರಿಸಿದರು.

"ಇದು ಹೊಸಾ ಅಕ್ಕಿ. ಈ ಸುಗ್ಗೀದು."

ಅತ್ತೆ ಸೆರಗು ಸರಿಮಾಡಿಕೊಂಡು, ಎದುರಿಗೆ ಕೂತ ಅಪರಿಚಿತರಿಗೆ ಸಂಕೋಚದಿಂದ ಹೇಳಿದರು. "ತಪ್ಪು ತಿಳೀಬ್ಯಾಡ್ರಿ. ನಮ್ಮ ಮನ್ಯಾಗ ಹೊಸಾ ಅಕ್ಕಿ ಉಣ್ಣಂಗಿಲ್ಲ. ನಮ್ಮ ಮನಿಯವ್ರಿಗೆ ಸೇರಂಗಿಲ್ಲ. ಅವ್ರು ಮಿಲ್ಲಿನಿಂದ ಬರೋದ್ರಾಗ ಹಳೇ ಅಕ್ಕಿ ಇಟ್ಟು ಬರ್ತೀನಿ, ಒಂದೀಟು ತಡೀರಿ."

ಮಾವ ನೆಂಟರು ಮಾತಾಡುವ ಮರ್ಯಾದೆಯಲ್ಲೇ ಉತ್ತರ ಕೊಟ್ಟರು. "ಆಗಲಿ ಇಡ್ರಿ ಯವ್ವಾ. ಅವ್ರು ಬರ್ತಾರ. ನಾವೂ ಕಾಯ್ತೀವಿ."

ಅತ್ತೆ ಎದ್ದು ಒಳಗೆ ಹೋದರು. ಯಾರೂ ತೋರಿಸದಿದ್ದರೂ ಹಳೇ ಅಕ್ಕಿಯ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು. ಮಾವ ಎಡಗೈಯಿಂದ ಕಣ್ಣೊರೆಸಿಕೊಂಡು ನನ್ನ ಹೆಂಡತಿಯ ಕಡೆ ತಿರುಗಿದರು.

"ಇನ್ನೂರೈವತ್ತು ಕೋಟಿ ಅಂದಿದ್ದ್ಯಲ್ಲವ್ವಾ ಆ ಗುಡ್ಡಕ್ಕ" ಎಂದರು. "ಇರಬೇಕು ಬಿಡು."